ಗಣಿ ಮುಚ್ಚಿದ ಮಾತ್ರಕ್ಕೆ ಋಣ ತೀರಿತೆ?

ಮಳೆಗಾಲ ಬಂದಿತೆಂದರೆ ಹೈದರಾಬಾದಿನ ಕನ್ನಡಿಗರ ಮನೆಗಳಲ್ಲಿ ಒಂದು ಬಗೆಯ ಕಳವಳ ಮೂಡುವುದು ಈಚಿನ ವರ್ಷಗಳಲ್ಲಿ ವಾಡಿಕೆಯೇ ಆಗಿಬಿಟ್ಟಿದೆ. ಊರಿನಿಂದ ಯಾವ ಸುದ್ದಿ ಬರುವುದೋ ಎಂಬ ಕಳವಳವದು. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ, ಮದೆನಾಡುಗಳಲ್ಲಿ ಗುಡ್ಡಗಳು ಜರಿದು ತೋಟ, ಮನೆ, ರಸ್ತೆಗಳನ್ನು ಒಟ್ಟಿಗೇ ಕೊಂಡೊಯ್ದುವು. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲೂಕಿನ ಮಲೆಮನೆ, ಆಲೇಖಾನ್ ಹೊರಟ್ಟಿಗಳ ಗತಿಯೂ ಅದೇ ಆಯಿತು. ಚಾರ್ಮಾಡಿ ಘಾಟಿಯ ಹಾದಿ ತುಂಡು ತುಂಡಾಯಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು 11 ಜೀವಗಳು ಮಣ್ಣುಪಾಲು, ಹೊಳೆಪಾಲಾದುವು. ಆ ದುಃಖ ಆರುವ ಮೊದಲೇ, ಅದೇ ತಿಂಗಳ 30ರ ನಸುಕಿನಲ್ಲಿ, ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಇನ್ನೂರಕ್ಕೂ ಮಿಕ್ಕಿದ ಜನ ಮಲಗಿದ್ದಲ್ಲೇ ಮಣ್ಣಿನಡಿ ಸೇರಿದರು.

ಇಂತಹ ಸುದ್ದಿ ಬಂದಾಗಲೆಲ್ಲ ನಮ್ಮ ಜನ ಸುಮ್ಮನೆ ಕುಳಿತವರಲ್ಲ. ಸಂಘಸಂಸ್ಥೆಗಳು ಸಭೆ ಸೇರುತ್ತವೆ, ಹುಂಡಿ ಇಡುತ್ತವೆ, ಹೊದಿಕೆ, ಅಕ್ಕಿ, ಔಷಧಿಗಳ ಗಂಟು ಕಟ್ಟಿ ಬಸ್ಸಿಗೇರಿಸುತ್ತವೆ. ದಿನಗೂಲಿಯವನಿಂದ ಹಿಡಿದು ಹೋಟೆಲಿನ ಯಜಮಾನನವರೆಗೆ ತಂತಮ್ಮ ಕೈಲಾದುದನ್ನು ಕೊಡುತ್ತಾರೆ. ಇದು ನಮ್ಮ ಸಮಾಜಕ್ಕೆ ಭೂಷಣವಾದ ಗುಣ. ಇದನ್ನು ಕಡಿಮೆ ಮಾಡಿರೆಂದು ಹೇಳುವ ಅವಿವೇಕ ನಮಗಿಲ್ಲ. ಆದರೆ ಕೊಡುವವನಿಗೆ ಕೇಳುವ ಹಕ್ಕೂ ಉಂಟು. ಗುಡ್ಡವು ಏಕೆ ಜರಿಯಿತು? ಹೊಳೆಯ ಪಾತ್ರ ಏಕೆ ಹೂಳಿನಿಂದ ತುಂಬಿತು? ಗುಡ್ಡವನ್ನು ಅಗೆದು ಲಾಭ ಪಡೆದವರಿದ್ದರೆ ಅವರ ಲೆಕ್ಕ ತೀರಿತೆ? ಈ ಪ್ರಶ್ನೆಗಳನ್ನು ಕೇಳದೆ ಬರಿಯ ಹುಂಡಿ ಇಡುತ್ತ ಹೋದರೆ, ಸಾಲ ಮಾಡಿದವನು ಒಬ್ಬ, ಬಡ್ಡಿ ಕಟ್ಟುವವನು ಇನ್ನೊಬ್ಬ ಎಂಬಂತಾದೀತು. ಈ ದಿನ ನಾವು ಕುದುರೆಮುಖದ ವಿಷಯವನ್ನು ಎತ್ತಿಕೊಂಡಿರುವುದು ಈ ಕಾರಣದಿಂದಲೇ.

ಮಲೆನಾಡಿನ ಗುಡ್ಡಕ್ಕೂ ಮೂಸಿ ತೀರದ ನಮಗೂ ಏನು ಸಂಬಂಧವೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಸಂಬಂಧ ಬಹಳ ಹತ್ತಿರದ್ದು. ತುಂಗೆ, ಭದ್ರೆ, ನೇತ್ರಾವತಿ, ಈ ಮೂರೂ ನದಿಗಳು ಹುಟ್ಟುವುದು ಕುದುರೆಮುಖ ಶ್ರೇಣಿಯ ಗಂಗಾಮೂಲದಲ್ಲಿ. ನೇತ್ರಾವತಿ ಪಡುವಣಕ್ಕಿಳಿದು ಮಂಗಳೂರಿನಲ್ಲಿ ಕಡಲು ಸೇರುತ್ತಾಳೆ. ತುಂಗೆ ಭದ್ರೆಯರು ಕೂಡಲಿಯಲ್ಲಿ ಒಂದಾಗಿ, ಹೊಸಪೇಟೆಯ ಅಣೆಕಟ್ಟನ್ನು ದಾಟಿ, ರಾಯಚೂರು ಸೀಮೆಯ ಅಂಚನ್ನು ತೋಯಿಸಿ, ಮಂತ್ರಾಲಯ, ಕರ್ನೂಲುಗಳನ್ನು ಹಾದು, ಆಲಂಪುರದ ಬಳಿ ಕೃಷ್ಣೆಯಲ್ಲಿ ಬೆರೆಯುತ್ತಾರೆ. ಆ ಕೃಷ್ಣೆಯ ನೀರನ್ನೇ ನಾಗಾರ್ಜುನಸಾಗರದಿಂದ ಕೊಳವೆಗಳಲ್ಲಿ ತಂದು ಇಂದು ಹೈದರಾಬಾದಿನ ನಲ್ಲಿಗಳಿಗೆ ಬಿಡಲಾಗುತ್ತಿದೆ. ಇನ್ನು ಇಲ್ಲಿಯ ಕನ್ನಡಿಗರಾದರೂ ಯಾರು? ನಿಜಾಮರ ಕಾಲದಿಂದ ಇಲ್ಲಿ ನೆಲೆನಿಂತ ರಾಯಚೂರು, ಕೊಪ್ಪಳ, ಕಲಬುರಗಿ, ಬೀದರಿನವರು ಒಂದು ಕಡೆ. ಹೋಟೆಲು ಉದ್ಯಮಕ್ಕೆಂದು ಬಂದ ಕಾರ್ಕಳ, ಬೆಳ್ತಂಗಡಿ, ಉಡುಪಿಯವರು ಇನ್ನೊಂದು ಕಡೆ. ಎಂದರೆ ಕುದುರೆಮುಖದ ಬುಡದವರೂ ತುಂಗಭದ್ರೆಯ ಬಯಲಿನವರೂ ಈ ಊರಿನಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿದ್ದಾರೆ. ಬೆಟ್ಟದ ಕೇಡನ್ನೂ ಬಯಲಿನ ಕೇಡನ್ನೂ ಒಟ್ಟಿಗೆ ಯೋಚಿಸಬಲ್ಲ ಜನ ನಾವಲ್ಲದೆ ಮತ್ತಾರು?

ಕುದುರೆಮುಖದಲ್ಲಿ ಕಬ್ಬಿಣದ ಅದಿರಿದೆಯೆಂಬುದನ್ನು ಕಂಡುಹಿಡಿದವರು ಮೈಸೂರು ಭೂಗರ್ಭ ಇಲಾಖೆಯ ಸಂಪತ್ ಅಯ್ಯಂಗಾರ್ಯರು, 1913ರಲ್ಲಿ. ಅದಿರು ಕೆಳದರ್ಜೆಯದು, ದಾರಿ ದುರ್ಗಮ. ಆದುದರಿಂದ ಅರ್ಧ ಶತಮಾನದವರೆಗೆ ಬೆಟ್ಟವು ತನ್ನಷ್ಟಕ್ಕೆ ತಾನಿತ್ತು. 1960ರ ದಶಕದಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮವು ಅಲ್ಲಿ ಶೋಧನೆ ನಡೆಸಿತು. 1969ರಲ್ಲಿ 30 ವರ್ಷಗಳ ಗುತ್ತಿಗೆ ಆರಂಭವಾಯಿತು. 1975ರಲ್ಲಿ ಇರಾನ್ ದೇಶದೊಡನೆ ಒಪ್ಪಂದವಾಗಿ, ಮರುವರ್ಷ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪನೆಯಾಯಿತು. ವರ್ಷಕ್ಕೆ 75 ಲಕ್ಷ ಟನ್ ಶುದ್ಧಗೊಳಿಸಿದ ಅದಿರನ್ನು ಇರಾನಿಗೆ ಕಳುಹಿಸುವುದೆಂಬ ನಿರ್ಧಾರವಾಗಿತ್ತು. 1979ರಲ್ಲಿ ಅಲ್ಲಿಯ ಶಹಾನ ಸಿಂಹಾಸನವೇ ಉರುಳಿತು; ಗಿರಾಕಿಯು ಹಿಂದೆ ಸರಿದನು. ಆದರೆ ಗಣಿಯು ಹಿಂದೆ ಸರಿಯಲಿಲ್ಲ. ಬೇರೆ ಗಿರಾಕಿಗಳನ್ನು ಹುಡುಕಿ, ಅದಿರಿನ ಹುಡಿಯನ್ನು ನೀರಿನಲ್ಲಿ ಕದಡಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸುವ ಕಾರ್ಯ ನಡೆಯಿತು.

ಈ ಕಾರ್ಯಕ್ಕೆ ಆರಿಸಿದ ಸ್ಥಳವಾದರೂ ಎಂತಹದು? ಹೈದರಾಬಾದಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರ್. ಕುದುರೆಮುಖದಲ್ಲಿ 6,000ಕ್ಕೂ ಮಿಕ್ಕಿ. ಅಷ್ಟೂ ಮಳೆ ಹೆಚ್ಚುಕಡಿಮೆ ನಾಲ್ಕೇ ತಿಂಗಳುಗಳಲ್ಲಿ ಸುರಿಯುತ್ತದೆ. ಇಷ್ಟು ನೀರು ಬಿದ್ದರೂ ಆ ಬೆಟ್ಟಗಳು ಯುಗಯುಗಾಂತರದಿಂದ ನಿಂತಿರುವುದಕ್ಕೆ ಕಾರಣ ಅವುಗಳ ಮೈಮೇಲಿನ ಹುಲ್ಲು ಮತ್ತು ಕಣಿವೆಗಳ ಶೋಲಾ ಕಾಡು. ಹುಲ್ಲಿನ ಬೇರುಗಳು ಮೇಲುಮಣ್ಣನ್ನು ಹಿಡಿದು ನಿಲ್ಲಿಸುತ್ತವೆ. ಕಾಡಿನ ನೆಲವು ನೀರನ್ನು ಹೀರಿ, ತಡೆದು, ಬೇಸಗೆಯವರೆಗೆ ಸ್ವಲ್ಪಸ್ವಲ್ಪವಾಗಿ ಹೊಳೆಗೆ ಬಿಡುತ್ತದೆ. ಆ ಹೊದಿಕೆಯನ್ನು ಸುಲಿದು, ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಕೆಂಪು ಮಣ್ಣನ್ನು ಮಳೆಗೆ ಒಡ್ಡಿದರೆ ಏನಾಗಬೇಕೋ ಅದೇ ಆಯಿತು. ಭದ್ರೆ ಮಳೆಗಾಲದಲ್ಲಿ ಕೆಂಪಾಗಿ ಹರಿಯತೊಡಗಿದಳು. ಗಣಿಯ ಪ್ರದೇಶವು ನದಿಯ ಜಲಾನಯನದಲ್ಲಿ ಒಂದು ಚಿಕ್ಕ ಭಾಗವಷ್ಟೆ. ಆದರೆ ನದಿಗೆ ಸೇರುವ ಹೂಳಿನಲ್ಲಿ ಅದರ ಪಾಲು ಆ ವಿಸ್ತೀರ್ಣಕ್ಕೆ ಎಷ್ಟೋ ಪಟ್ಟು ಮೀರಿದ್ದೆಂಬುದನ್ನು, ಗಣಿಯು ನಡೆಯುತ್ತಿದ್ದ ಕಾಲದಲ್ಲಿಯೇ ನದಿಯ ನೀರನ್ನು ಅಳೆದು ನೋಡಿದ ವಿಜ್ಞಾನಿಗಳು ತೋರಿಸಿಕೊಟ್ಟರು.

ಇನ್ನೊಂದು ವಿಷಯವು ಇದಕ್ಕಿಂತ ಗುರುತರವಾದುದು. ಕೆಳದರ್ಜೆಯ ಅದಿರನ್ನು ಅರೆದು ಶುದ್ಧಮಾಡುವಲ್ಲಿ, ಯೋಜನೆಯ ಲೆಕ್ಕದಂತೆಯೇ, ಮೂರು ಪಾಲು ಅಗೆದರೆ ಒಂದು ಪಾಲು ಸರಕಾಗುತ್ತಿತ್ತು. ಎರಡು ಪಾಲು ಕಸರಾಗುತ್ತಿತ್ತು. ನುಣ್ಣನೆಯ ಹುಡಿಯಾದ ಈ ಕಸರನ್ನು ನಿಲ್ಲಿಸುವುದಕ್ಕಾಗಿ ಭದ್ರೆಯ ಉಪನದಿಯಾದ ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು 100 ಮೀಟರ್ ಎತ್ತರದ ಕಟ್ಟೆ ಎದ್ದಿತು. ಕಾಲು ಶತಮಾನದ ಕಸರೆಲ್ಲ ಆ ಕಣಿವೆಯನ್ನು ತುಂಬಿ ಕುಳಿತಿದೆ. ನೀರು ತುಂಬಿದ ಅಣೆಕಟ್ಟನ್ನು ಬೇಕಾದಾಗ ಬರಿದು ಮಾಡಬಹುದು; ಹೂಳು ತುಂಬಿದ ಕಟ್ಟೆಯನ್ನು ಹಾಗೆ ಬರಿದು ಮಾಡಲಾಗದು. ಅದನ್ನು ಕಟ್ಟಿದವರು ಹೋದರೂ, ಕಂಪನಿಯ ಹೆಸರೇ ಮರೆತುಹೋದರೂ, ಕಟ್ಟೆಯು ನಿಂತೇ ಇರಬೇಕು. ಪ್ರತಿ ವರ್ಷದ 6,000 ಮಿಲಿಮೀಟರ್ ಮಳೆಯನ್ನು ಅದು ಎದುರಿಸುತ್ತಲೇ ಇರಬೇಕು.

ಗುತ್ತಿಗೆಯ ಅವಧಿಯು 1999ರಲ್ಲಿ ಮುಗಿಯಿತು. ಅಷ್ಟರಲ್ಲಿ, 1987ರಿಂದಲೇ, ಆ ಸೀಮೆಯನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಲಾಗಿತ್ತು. ವನ್ಯಜೀವಿಗಳ ರಕ್ಷಣೆಗಾಗಿ ಶ್ರಮಿಸಿದ ಕೊಡಗಿನ ಕೆ. ಎಂ. ಚಿಣ್ಣಪ್ಪನವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ನ್ಯಾಯಾಲಯವು 2002ರ ಅಕ್ಟೋಬರ್ 30ರಂದು ತೀರ್ಪಿತ್ತು, ಗಣಿಗಾರಿಕೆಯು 2005ರ ಅಂತ್ಯಕ್ಕೆ ನಿಲ್ಲತಕ್ಕದ್ದೆಂದು ಗೊತ್ತುಮಾಡಿತು. 2005ರ ಡಿಸೆಂಬರ್ 31ರಂದು ಯಂತ್ರಗಳು ನಿಂತುವು. ದೇಶವು ಸಂತೋಷಪಟ್ಟಿತು, ಸಂತೋಷಪಡತಕ್ಕ ವಿಷಯವೇ ಸರಿ. ಆದರೆ ಯಂತ್ರ ನಿಂತ ದಿನ ಗಣಿಯ ಕಥೆ ಮುಗಿಯಿತೆಂದು ಭಾವಿಸಿದುದು ತಪ್ಪಾಯಿತು. ಗಣಿಯನ್ನು ಮುಚ್ಚುವ ಕ್ರಮಬದ್ಧ ಯೋಜನೆಯನ್ನು ಮುಂದಾಗಿಯೇ ಸಿದ್ಧಪಡಿಸಿ, ಅದಕ್ಕೆ ಹಣದ ಭದ್ರತೆಯನ್ನು ಒದಗಿಸಬೇಕೆಂಬ ನಿಯಮವು ನಮ್ಮ ದೇಶದಲ್ಲಿ ಬಂದದ್ದೇ 2003ರಲ್ಲಿ. ಕುದುರೆಮುಖದ ಗಣಿಯನ್ನು ತೆರೆದಾಗ ಮುಚ್ಚುವುದರ ಯೋಚನೆಯೇ ಯಾರಿಗೂ ಇರಲಿಲ್ಲ. ಬಾಗಿಲನ್ನು ತೆರೆಯಲು ನೂರು ಕೈ, ಮುಚ್ಚಲು ಒಂದೂ ಇಲ್ಲವೆಂಬಂತಾಯಿತು.

ನಿಂತುಹೋದ ಗಣಿಯೂ ಕೊಲ್ಲಬಲ್ಲುದೆಂಬುದಕ್ಕೆ ಲೋಕದಲ್ಲಿ ಸಾಕ್ಷಿಗಳಿಗೆ ಕೊರತೆಯಿಲ್ಲ. ಬ್ರೆಜಿಲ್ ದೇಶದ ಮಾರಿಯಾನದಲ್ಲಿ 2015ರ ನವೆಂಬರ್ 5ರಂದು ಕಬ್ಬಿಣದ ಗಣಿಯ ಕಸರಿನ ಕಟ್ಟೆಯೊಡೆಯಿತು. 19 ಜನ ಸತ್ತರು. ಕೆಸರು ಡೋಸೆ ನದಿಯ ಗುಂಟ 600 ಕಿಲೋಮೀಟರಿಗೂ ಹೆಚ್ಚು ದೂರ ಹರಿದು ಅಟ್ಲಾಂಟಿಕ್ ಸಾಗರವನ್ನು ಮುಟ್ಟಿತು. ಅದೇ ದೇಶದ ಬ್ರುಮಾದಿನೋದಲ್ಲಿ 2019ರ ಜನವರಿ 25ರಂದು ಇನ್ನೊಂದು ಕಟ್ಟೆಯೊಡೆದು 270 ಜನ ಪ್ರಾಣ ಕಳೆದುಕೊಂಡರು. ಈ ಎರಡನೆಯ ಕಟ್ಟೆಗೆ ಕಸರು ಸುರಿಯುವುದನ್ನು ಅದಕ್ಕೆ ಕೆಲವು ವರ್ಷಗಳ ಹಿಂದೆಯೇ ನಿಲ್ಲಿಸಲಾಗಿತ್ತು ಎಂಬುದನ್ನು ವಾಚಕರು ಗಮನಿಸಬೇಕು. ಆ ಕಟ್ಟೆಗಳನ್ನು ಹೂಳಿನ ಮೇಲೆಯೇ ಹಂತಹಂತವಾಗಿ ಏರಿಸಿದ್ದರು. ಲಕ್ಯಾ ಕಟ್ಟೆಯೂ ಅಂಥದೇ ಎಂದಾಗಲಿ, ಅದು ನಾಳೆಯೇ ಒಡೆಯುವುದೆಂದಾಗಲಿ ನಾವು ಹೇಳುತ್ತಿಲ್ಲ. ಜನರನ್ನು ಹೆದರಿಸುವುದು ಪತ್ರಿಕೆಯ ಧರ್ಮವಲ್ಲ. ಆದರೆ ಭದ್ರವಾಗಿದೆಯೆಂದು ಬಾಯಿಮಾತಿನಲ್ಲಿ ಹೇಳುವುದು ಬೇರೆ, ಪರೀಕ್ಷಿಸಿ ಕಾಗದದಲ್ಲಿ ತೋರಿಸುವುದು ಬೇರೆ. ಕಳಸ, ಬಾಳೆಹೊನ್ನೂರುಗಳ ಜನರಿಗೆ ಸಲ್ಲಬೇಕಾದುದು ಎರಡನೆಯದು.

ಅಷ್ಟು ದೂರ ಹೋಗಬೇಕಾದುದೂ ಇಲ್ಲ. 2024ರ ಜುಲೈ ತಿಂಗಳಲ್ಲಿ ಛತ್ತೀಸಗಡದ ಬೈಲಾಡಿಲಾ ಬೆಟ್ಟದ ಬುಡದಲ್ಲಿರುವ ಕಿರಂದುಲ್ ಪಟ್ಟಣಕ್ಕೆ, ಭಾರಿ ಮಳೆಯಲ್ಲಿ ಕಬ್ಬಿಣದ ಗಣಿಪ್ರದೇಶದ ಕಟ್ಟೆಯೊಡೆದು, ಕೆಮ್ಮಣ್ಣಿನ ನೀರು ನುಗ್ಗಿತು. ಎಷ್ಟೋ ಸಂಸಾರಗಳ ಮನೆ, ಸಾಮಾನುಗಳು ಕೆಸರುಪಾಲಾದುವು. ಆ ಗಣಿಗಳನ್ನು ನಡೆಸುವ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ಪ್ರಧಾನ ಕಚೇರಿ ಇರುವುದು ನಮ್ಮ ಊರಿನ ಮಾಸಾಬ್ ಟ್ಯಾಂಕಿನಲ್ಲಿ. ನಿತ್ಯವೂ ಬಸ್ಸಿನಲ್ಲಿ ಆ ಕಟ್ಟಡದ ಮುಂದೆ ಹಾದುಹೋಗುವ ನಾವು, ಬೆಟ್ಟದ ವಿಷಯವು ಬೆಟ್ಟದವರಿಗೆ ಸೇರಿದ್ದೆಂದು ಹೇಗೆ ಹೇಳೋಣ?

ಬ್ರಿಟನ್ನಿನ ವೇಲ್ಸ್ ಪ್ರಾಂತದ ಅಬರ್‌ಫ್ಯಾನ್ ಎಂಬ ಹಳ್ಳಿಯ ಕಥೆಯನ್ನು ಇಲ್ಲಿ ಹೇಳಲೇಬೇಕು. ಅಲ್ಲಿ ಕಲ್ಲಿದ್ದಲ ಗಣಿಯ ಕಸರನ್ನು ಊರಿನ ಮೇಲಣ ಗುಡ್ಡದ ಮೇಲೆ, ಒರತೆಯಿದ್ದ ಜಾಗದಲ್ಲಿಯೇ, ರಾಶಿ ಹಾಕಿದ್ದರು. 1966ರ ಅಕ್ಟೋಬರ್ 21ರ ಬೆಳಗ್ಗೆ ಆ ರಾಶಿ ಜಾರಿ ಶಾಲೆಯ ಮೇಲೆ ಬಿತ್ತು. ಸತ್ತವರು 144 ಜನ. ಅವರಲ್ಲಿ 116 ಮಂದಿ ಮಕ್ಕಳು. ಲೋಕದ ನಾನಾ ಕಡೆಗಳಿಂದ ಪರಿಹಾರನಿಧಿಗೆ ಹಣ ಹರಿದುಬಂತು. ವಿಚಾರಣಾ ಮಂಡಲಿಯು ತಪ್ಪು ರಾಷ್ಟ್ರೀಯ ಕಲ್ಲಿದ್ದಲು ಮಂಡಲಿಯದೆಂದು ಸ್ಪಷ್ಟವಾಗಿ ಹೇಳಿತು. ಆದರೂ, ಗುಡ್ಡದ ಮೇಲೆ ಉಳಿದಿದ್ದ ಕಸರಿನ ರಾಶಿಗಳನ್ನು ತೆಗೆಯುವ ಖರ್ಚಿಗೆಂದು ಅದೇ ಪರಿಹಾರನಿಧಿಯಿಂದ 1,50,000 ಪೌಂಡುಗಳನ್ನು ಕೊಡುವಂತೆ ಮಾಡಿದರು. ಮಕ್ಕಳನ್ನು ಕಳೆದುಕೊಂಡವರಿಗಾಗಿ ಜನರು ಕೊಟ್ಟ ಹಣವದು! ಸರಕಾರವು ಆ ಮೊತ್ತವನ್ನು ಹಿಂದಿರುಗಿಸಿದ್ದು 1997ರಲ್ಲಿ, ಮೂವತ್ತು ವರ್ಷಗಳ ಮೇಲೆ. ದಾನದ ಹಣವು ಸಾಲಗಾರನ ಸಾಲಕ್ಕೆ ಜಮೆಯಾಗಬಾರದು. ನಾವು ಈ ಲೇಖನದಲ್ಲಿ ಹೇಳಬೇಕೆಂದಿರುವುದರ ಸಾರವೆಲ್ಲ ಈ ಒಂದು ಮಾತಿನಲ್ಲಿದೆ.

ಎದುರು ಪಕ್ಷದ ಮಾತನ್ನೂ ಕೇಳುವುದು ನ್ಯಾಯ. ಕುದುರೆಮುಖದ ಗಣಿಯು ಸಾವಿರಾರು ಸಂಸಾರಗಳಿಗೆ ಅನ್ನ ಕೊಟ್ಟಿತು. ಮಂಗಳೂರಿನ ಬಂದರಕ್ಕೆ ಕೆಲಸ ಕೊಟ್ಟಿತು. ವಿದೇಶೀ ಹಣವನ್ನು ಗಳಿಸಿತು. ಕಾಡಿನ ನಡುವೆ ಶಾಲೆ, ಆಸ್ಪತ್ರೆಗಳಿದ್ದ ಅಚ್ಚುಕಟ್ಟಾದ ಊರನ್ನು ಕಟ್ಟಿತು. ಇವೆಲ್ಲ ನಿಜ. ಗಣಿ ನಿಂತ ಮೇಲೆ ಆ ಊರು ಬರಿದಾದುದೂ, ಕಳಸದ ಪೇಟೆಯ ವ್ಯಾಪಾರ ಸೊರಗಿದುದೂ ನಿಜವೇ. ನಾವು ಕೂಡ ಕಬ್ಬಿಣದ ಹಾಸಿನ ಮೇಲೆ ಓಡುವ ಗಾಡಿಯಲ್ಲಿ ಬಂದವರು, ಕಬ್ಬಿಣದ ಸರಳು ಹಾಕಿದ ಮನೆಗಳಲ್ಲಿ ಇರುವವರು. ಗಣಿಯೇ ಕೂಡದೆಂದು ಹೇಳಿದರೆ ಅದು ಬೂಟಾಟಿಕೆಯಾದೀತು. ಆದರೆ ಕಬ್ಬಿಣದ ಬೆಲೆಯಲ್ಲಿ ಬೆಟ್ಟದ ಬೆಲೆಯನ್ನೂ ಹಿಡಿಯಬೇಕೋ ಬೇಡವೋ? ಹಿಡಿಯದಿದ್ದರೆ ಅದನ್ನು ಕೊಡುವವರು ಬೇರೆ ಯಾರೋ ಆಗುತ್ತಾರೆ: ಹೊಳೆಯ ದಂಡೆಯ ಅಡಕೆ ತೋಟದವನು, ಮಣ್ಣು ಕೂತ ಗದ್ದೆಯವನು, ಕಾಲುವೆಯ ಕೊನೆಯಲ್ಲಿ ನೀರಿಗಾಗಿ ಕಾಯುವ ರಾಯಚೂರಿನ ರೈತನು. ಇವರಲ್ಲಿ ಯಾರೂ ಒಂದು ಟನ್ ಅದಿರನ್ನೂ ಮಾರಿದವರಲ್ಲ.

ಜರಿದ ಗುಡ್ಡಗಳೆಲ್ಲ ಗಣಿಯಿಂದಲೇ ಜರಿದುವೆಂದು ನಾವು ಹೇಳುವುದಿಲ್ಲ. ಮಲೆಮನೆಯ ಸುತ್ತ ಕಬ್ಬಿಣದ ಗಣಿಯಿರಲಿಲ್ಲ. ಕೊಡಗಿನಲ್ಲಿ ಅಕಾಲದ ಅತಿವೃಷ್ಟಿಯೊಂದಿಗೆ, ರಸ್ತೆಗಾಗಿ, ಮನೆಗಾಗಿ, ವಸತಿಗೃಹಗಳಿಗಾಗಿ ಇಳಿಜಾರನ್ನು ನೆಟ್ಟಗೆ ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. ಶಿರೂರಿನಲ್ಲಿ ಗುಡ್ಡದ ಬುಡವನ್ನು ಹೆದ್ದಾರಿಯ ಅಗಲಕ್ಕಾಗಿ ಕಡಿದಿತ್ತು. ಗಣಿಯೋ, ಕಲ್ಲುಕ್ವಾರಿಯೋ, ರಸ್ತೆಯೋ, ಹೆಸರು ಯಾವುದಾದರೇನು? ಗುಡ್ಡದ ಬುಡವನ್ನು ಕಡಿದರೆ ತಲೆ ಬೀಳುತ್ತದೆ. ಮೈಮೇಲಿನ ಹೊದಿಕೆಯನ್ನು ಕಿತ್ತರೆ ಮೈ ಕರಗುತ್ತದೆ. ಇದನ್ನು ತಿಳಿಯಲು ದೊಡ್ಡ ಶಾಸ್ತ್ರ ಬೇಕಿಲ್ಲ; ಮಲೆನಾಡಿನ ಯಾವ ಮುದುಕನೂ ಹೇಳಿಯಾನು. ಮಾಧವ ಗಾಡ್ಗೀಳರ ಸಮಿತಿಯು 2011ರಲ್ಲಿಯೂ, ಕಸ್ತೂರಿರಂಗನ್ ಸಮಿತಿಯು 2013ರಲ್ಲಿಯೂ ವರದಿಗಳನ್ನು ಕೊಟ್ಟುವು. ಸೂಕ್ಷ್ಮ ಪ್ರದೇಶಗಳಲ್ಲಿ ಗಣಿಗಾರಿಕೆ ಬೇಡವೆಂಬ ವಿಷಯದಲ್ಲಿ ಎರಡಕ್ಕೂ ಭೇದವಿರಲಿಲ್ಲ. ಶಿರೂರಿನ ದುರಂತವಾಗಿ ಮೂರು ತಿಂಗಳು ತುಂಬುವ ಮೊದಲೇ, 2024ರ ಸೆಪ್ಟೆಂಬರಿನಲ್ಲಿ, ಕರ್ನಾಟಕದ ಮಂತ್ರಿಮಂಡಲವು ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಮಲೆನಾಡಿನ ಕೃಷಿಕನಿಗೆ ಆ ವರದಿಯ ವಿಷಯದಲ್ಲಿ ನಿಜವಾದ ಭಯಗಳಿವೆಯೆಂಬುದನ್ನು ನಾವು ಬಲ್ಲೆವು. ತನ್ನ ತೋಟಕ್ಕೆ ಹೋಗಲು ತಾನೇ ಅಪ್ಪಣೆ ಕೇಳಬೇಕಾದೀತೆಂಬ ಅಂಜಿಕೆ ಅವನದು. ಆ ಭಯವನ್ನು ಕೂತು ಮಾತನಾಡಿ ಪರಿಹರಿಸಬೇಕಾಗಿತ್ತು. ರೈತನ ಹೆಸರು ಹೇಳಿ ವರದಿಯನ್ನು ತಳ್ಳಿಹಾಕಿದರೆ ಅದರ ಲಾಭ ರೈತನಿಗಿಂತ ಮೊದಲು ಕ್ವಾರಿಯವನಿಗೆ ದೊರೆಯುವುದು.

ಕುದುರೆಮುಖದ ಲೆಕ್ಕವು ಈಗ ಏಕೆ ಮುಖ್ಯವೆಂದರೆ, ಅದೇ ಕಂಪನಿಯು ಬಳ್ಳಾರಿ ಜಿಲ್ಲೆಯ ಸೊಂಡೂರು ತಾಲೂಕಿನ ದೇವದಾರಿ ಬೆಟ್ಟದಲ್ಲಿ ಸುಮಾರು 400 ಹೆಕ್ಟೇರ್ ಅರಣ್ಯಭೂಮಿಯನ್ನು ಗಣಿಗಾಗಿ ಬಯಸಿತು. 2024ರ ಜೂನ್ ತಿಂಗಳಲ್ಲಿ ಕರ್ನಾಟಕದ ಅರಣ್ಯಮಂತ್ರಿ ಈಶ್ವರ ಖಂಡ್ರೆಯವರು, ಕುದುರೆಮುಖದ ಸಂಬಂಧವಾಗಿ ಕಂಪನಿಯಿಂದ ಸಲ್ಲಬೇಕಾದ 1,300 ಕೋಟಿ ರೂಪಾಯಿಗಳಿಗೂ ಮೀರಿದ ಮೊತ್ತವು ಸಂದಿಲ್ಲವೆಂದೂ, ಅದು ತೀರುವವರೆಗೆ ದೇವದಾರಿಯ ಭೂಮಿಯನ್ನು ಒಪ್ಪಿಸಕೂಡದೆಂದೂ ತಮ್ಮ ಅಧಿಕಾರಿಗಳಿಗೆ ಆಜ್ಞಾಪಿಸಿದರು. ಕಂಪನಿಯು ಕೇಂದ್ರ ಸರಕಾರದ್ದು, ಅಲ್ಲಿಯದು ಒಂದು ಪಕ್ಷದ ಆಡಳಿತ, ಇಲ್ಲಿಯದು ಇನ್ನೊಂದು ಪಕ್ಷದ್ದು. ಆದುದರಿಂದ ಇದರಲ್ಲಿ ರಾಜಕಾರಣದ ವಾಸನೆಯನ್ನು ಹುಡುಕುವವರು ಹುಡುಕಲಿ. ತತ್ತ್ವ ಮಾತ್ರ ಸರಿಯಾದುದು. ಹಳೆಯ ಬೆಟ್ಟದ ಬಾಕಿಯನ್ನು ತೀರಿಸದವನಿಗೆ ಹೊಸ ಬೆಟ್ಟವನ್ನು ಕೊಡಬಾರದು. ಹಳ್ಳಿಯ ಸಾಹುಕಾರನೂ ಹಳೆಯ ಪತ್ರ ಹರಿಯದೆ ಹೊಸ ಪತ್ರ ಬರೆದುಕೊಡುವುದಿಲ್ಲ. ಬಾಕಿಯ ಮೊತ್ತದ ವಿಷಯದಲ್ಲಿ ತಕರಾರು ಇದ್ದರೆ ನ್ಯಾಯಾಲಯದಲ್ಲಿ ಬೇಗನೆ ತೀರ್ಮಾನವಾಗಲಿ. ಈ ತತ್ತ್ವವನ್ನು ಖಾಸಗಿ ಗಣಿಧಣಿಗಳಿಗೂ ಸರಕಾರವು ಅಷ್ಟೇ ಬಿಗಿಯಾಗಿ ಅನ್ವಯಿಸಿದರೆ ರಾಜಕಾರಣದ ಸಂಶಯವೂ ತಾನಾಗಿಯೇ ಹೋದೀತು.

ಸೊಂಡೂರಿನ ಬೆಟ್ಟಗಳಾದರೂ ಕಂಡ ಕಷ್ಟ ಸಾಮಾನ್ಯವಾದುದಲ್ಲ. ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ ಲೋಕಾಯುಕ್ತ ವರದಿಯ ಬೆನ್ನಿಗೇ, 2011ರ ಜುಲೈ ಅಂತ್ಯದಲ್ಲಿ, ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯಿತು. 2013ರ ಏಪ್ರಿಲಿನ ತೀರ್ಪಿನಲ್ಲಿ ಅತಿಕ್ರಮ ಮಾಡಿದ ಗಣಿಗಳ ಗುತ್ತಿಗೆಗಳನ್ನೇ ರದ್ದುಗೊಳಿಸಿತು. ಗಣಿಯ ಬಾಬ್ತಿನಿಂದ ಕೂಡಿಟ್ಟ ಹಣದಲ್ಲಿ ಸುಮಾರು 25,000 ಕೋಟಿ ರೂಪಾಯಿಗಳ ಪುನಶ್ಚೇತನ ಯೋಜನೆಗೆ 2022ರಲ್ಲಿ ಅಪ್ಪಣೆ ದೊರೆಯಿತು. ಅದರ ಮೇಲ್ವಿಚಾರಣೆಗೆ ನೇಮಕವಾದವರು ನಮ್ಮ ತೆಲಂಗಾಣದವರೇ ಆದ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರು. ಇದು ದೊಡ್ಡ ಕಾರ್ಯ. ಆದರೆ ಅದರ ಎಲ್ಲೆ ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳು. 2015ರಲ್ಲಿ ಕಾನೂನಿನಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವೂ ಜಿಲ್ಲೆಯ ಗಡಿಯನ್ನೇ ಅನುಸರಿಸುತ್ತದೆ. 2005ರಲ್ಲಿಯೇ ನಿಂತ ಗಣಿಯಿಂದ ಅದಕ್ಕೆ ಬರುವುದೇನೂ ಇಲ್ಲ. ನೆರೆಯ ನೀರಿಗೆ ಜಿಲ್ಲೆಯ ಗಡಿ ತಿಳಿಯದು. ಹೂಳಿಗೂ ತಿಳಿಯದು. ಪರಿಹಾರದ ಹಣಕ್ಕೆ ಮಾತ್ರ ಚೆನ್ನಾಗಿ ತಿಳಿದಿದೆ.

ತುಂಗಭದ್ರೆಯ ಅಣೆಕಟ್ಟನ್ನೇ ನೋಡಿರಿ. ಹಿಂದಿನ ಹೈದರಾಬಾದು ಸಂಸ್ಥಾನ ಮತ್ತು ಮದರಾಸು ಆಧಿಪತ್ಯಗಳು ಜೊತೆಗೂಡಿ ಕಟ್ಟಿದ ಆ ಜಲಾಶಯದಲ್ಲಿ 1953ರಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. 2016ರ ಸಮೀಕ್ಷೆಯಂತೆ ಅದು 105.788 ಟಿಎಂಸಿಗೆ ಇಳಿದಿದೆ. 27 ಟಿಎಂಸಿಯಷ್ಟು ಜಾಗವನ್ನು ಹೂಳು ನುಂಗಿದೆ. ಇದೆಲ್ಲ ಗಣಿಯ ಮಣ್ಣಲ್ಲ. ಭದ್ರೆಯ ಹೂಳು ಮೊದಲು ಲಕ್ಕವಳ್ಳಿಯ ಅಣೆಕಟ್ಟಿನಲ್ಲಿ ತಂಗುತ್ತದೆ. ಕಾಡುಕಡಿತ, ಇಳಿಜಾರಿನ ಉಳುಮೆ, ನದಿಯ ಸಹಜ ಗುಣ, ಇವೆಲ್ಲಕ್ಕೂ ಪಾಲುಂಟು. ಆದರೆ ಯಾರ ಪಾಲು ಎಷ್ಟೆಂದು ವಿಭಾಗಿಸಿ ನೋಡುವುದು ಇಂದಿನ ವಿಜ್ಞಾನಕ್ಕೆ ಅಸಾಧ್ಯವಲ್ಲ. ಹೂಳು ತುಂಬಿದ ಜಲಾಶಯ ಎರಡು ಕಡೆಯಿಂದ ಹೊಡೆಯುತ್ತದೆ: ಮಳೆ ಹೆಚ್ಚಿದಾಗ ನೆರೆಯನ್ನು ತಡೆಯುವ ಜಾಗವಿಲ್ಲ, ಮಳೆ ಕಡಿಮೆಯಾದಾಗ ಕಾಲುವೆಗೆ ಬಿಡುವ ನೀರಿಲ್ಲ. 2009ರ ಅಕ್ಟೋಬರಿನ ಮಹಾಪೂರದಲ್ಲಿ ಮಂತ್ರಾಲಯ ಮತ್ತು ಕರ್ನೂಲುಗಳು ಮುಳುಗಿದುದನ್ನು ನಮ್ಮವರು ಮರೆತಿರಲಾರರು.

ಇಲ್ಲಿ ಹೈದರಾಬಾದಿನ ಚರಿತ್ರೆಯೇ ನಮಗೆ ಒಂದು ಪಾಠವನ್ನು ಹೇಳುತ್ತದೆ. 1908ರ ಸೆಪ್ಟೆಂಬರ್ 28ರಂದು ಮೂಸಿಯ ಪ್ರವಾಹವು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಾಗ ನಿಜಾಮ ಸರಕಾರವು ಕರೆಸಿದ್ದು ಕನ್ನಡಿಗರಾದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. 1909ರಲ್ಲಿ ಬಂದ ಅವರು ಊರಿನ ದಂಡೆಗಳನ್ನಷ್ಟೇ ನೋಡಿ ಹಿಂದಿರುಗಲಿಲ್ಲ. ನದಿಯ ಮೇಲ್ಭಾಗವನ್ನು ಅಳೆದರು. ಪ್ರವಾಹವನ್ನು ಊರಿನಲ್ಲಿ ತಡೆಯುವುದಲ್ಲ, ಊರಿಗೆ ಬರುವ ಮೊದಲೇ ತಡೆಯಬೇಕೆಂದರು. 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದುವು. 2025ರ ಸೆಪ್ಟೆಂಬರಿನಲ್ಲಿ ಮೂಸಿಯ ನೀರು ಮಹಾತ್ಮಾ ಗಾಂಧಿ ಬಸ್ ನಿಲ್ದಾಣಕ್ಕೆ ನುಗ್ಗಿದಾಗ ನದಿಯ ಪಾತ್ರವನ್ನು ಒತ್ತುವರಿ ಮಾಡಿದುದರ ಫಲವನ್ನು ನಾವೇ ಕಣ್ಣಾರೆ ಕಂಡೆವು. ಕೆಳಗಿನವರ ಸುಖದುಃಖಗಳ ಬೀಗದ ಕೈ ಮೇಲಿನವರಲ್ಲಿದೆ ಎಂಬುದು ವಿಶ್ವೇಶ್ವರಯ್ಯನವರ ಕಾರ್ಯದಿಂದ ನಾವು ಕಲಿಯಬೇಕಾದ ಪಾಠ. ಅದು ಮೂಸಿಗೆ ಎಷ್ಟು ಸತ್ಯವೋ ತುಂಗಭದ್ರೆಗೂ ಅಷ್ಟೇ ಸತ್ಯ.

ಆದುದರಿಂದ ನಾಲ್ಕು ಬೇಡಿಕೆಗಳನ್ನು ನಮ್ಮ ಸಮಾಜದ ಮುಂದೆ ಇಡಬಯಸುತ್ತೇವೆ.

ಮೊದಲನೆಯದು, ಲಕ್ಯಾ ಕಟ್ಟೆಯನ್ನು ಕಂಪನಿಗೂ ಇಲಾಖೆಗೂ ಸೇರದ ತಜ್ಞರು ಪ್ರತಿ ಮಳೆಗಾಲದ ಮುಂಚೆಯೂ ಅನಂತರವೂ ಪರೀಕ್ಷಿಸಬೇಕು. 2021ರ ಅಣೆಕಟ್ಟು ಸುರಕ್ಷತಾ ಕಾನೂನು ದೊಡ್ಡ ಅಣೆಕಟ್ಟುಗಳಿಗೆ ಯಾವ ಕಟ್ಟುಪಾಡುಗಳನ್ನು ವಿಧಿಸಿದೆಯೋ ಅವಕ್ಕಿಂತ ಕಡಿಮೆಯಾದುದನ್ನು ಇದಕ್ಕೆ ವಿಧಿಸಬಾರದು. ವರದಿಯು ಕನ್ನಡದಲ್ಲಿ ಅಚ್ಚಾಗಿ ಭದ್ರೆಯ ದಂಡೆಯ ಪಂಚಾಯತಿಗಳಲ್ಲಿ ಜನರ ಕೈಗೆ ಸಿಗಬೇಕು. ಅಪಾಯದ ಕಾಲದಲ್ಲಿ ಎತ್ತ ಹೋಗಬೇಕೆಂಬುದು ಅಲ್ಲಿಯ ಶಾಲೆಯ ಮಕ್ಕಳಿಗೂ ತಿಳಿದಿರಬೇಕು.

ಎರಡನೆಯದು, ಕುದುರೆಮುಖದಿಂದ ಬರಬೇಕಾದ ಬಾಕಿಯು ವಸೂಲಾದಾಗ ಅದು ಬೊಕ್ಕಸದಲ್ಲಿ ಕರಗಿಹೋಗದೆ ಭದ್ರೆಯ ಕಣಿವೆಗೇ ಮೀಸಲಾಗಬೇಕು: ಕಡಿದ ಇಳಿಜಾರುಗಳಲ್ಲಿ ಆ ನೆಲದ್ದೇ ಹುಲ್ಲು, ಗಿಡಗಳನ್ನು ಬೆಳೆಸಲು, ಕಟ್ಟೆಯನ್ನು ಕಾಯಲು, ಗದ್ದೆ ತೋಟ ಕಳೆದುಕೊಂಡವರಿಗೆ ನೆರವಾಗಲು.

ಮೂರನೆಯದು, ಗಣಿಯಿಂದ ಬಾಧಿತವಾದ ಪ್ರದೇಶವೆಂದರೆ ಜಿಲ್ಲೆಯಲ್ಲ, ನದಿಯ ಕಣಿವೆಯೆಂದು ಕಾನೂನು ಎಣಿಸಬೇಕು. ತುಂಗಭದ್ರೆಯ ಹೂಳಿನಲ್ಲಿ ಯಾರ ಪಾಲೆಷ್ಟೆಂಬ ಸಮೀಕ್ಷೆಯನ್ನು ಕರ್ನಾಟಕ, ಆಂಧ್ರ, ತೆಲಂಗಾಣ ಸರಕಾರಗಳು ಒಟ್ಟಾಗಿ ನಡೆಸಬೇಕು. ನೀರಿನ ಪಾಲಿಗಾಗಿ ನ್ಯಾಯಾಧಿಕರಣಗಳ ಮುಂದೆ ದಶಕಗಟ್ಟಲೆ ವಾದಿಸಿದ ಈ ಸರಕಾರಗಳು ಹೂಳಿನ ಪಾಲಿಗಾಗಿ ಒಮ್ಮೆಯಾದರೂ ಒಂದೇ ಮೇಜಿನ ಸುತ್ತ ಕುಳಿತರೆ ತಪ್ಪೇನು?

ನಾಲ್ಕನೆಯದು ಜರಿಯುವ ಗುಡ್ಡಗಳ ವಿಷಯ. ಯಾವ ಇಳಿಜಾರು ಅಪಾಯಕರವೆಂಬ ತಿಳಿವಳಿಕೆ ಇಂದು ದೇಶದಲ್ಲಿ ಇಲ್ಲವೆಂದಲ್ಲ. ನಮ್ಮ ಊರಿನ ಬಾಲಾನಗರದ ರಾಷ್ಟ್ರೀಯ ದೂರಸಂವೇದಿ ಕೇಂದ್ರವು 2023ರಲ್ಲಿ 147 ಜಿಲ್ಲೆಗಳ ಭೂಕುಸಿತದ ಭೂಪಟವನ್ನು ಪ್ರಕಟಿಸಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ದಕ್ಷಿಣ ವಲಯದ ಕಚೇರಿಯೂ ಬಂಡ್ಲಗೂಡದಲ್ಲಿಯೇ ಇದೆ. ಜ್ಞಾನವು ಹೈದರಾಬಾದಿನಲ್ಲಿ, ಅಪಾಯವು ಮಲೆಮನೆಯಲ್ಲಿ ಇದ್ದರೆ ಪ್ರಯೋಜನವೇನು? ಈ ನಕ್ಷೆಗಳು ಹಳ್ಳಿಹಳ್ಳಿಯ ಲೆಕ್ಕಕ್ಕಿಳಿದು, ಕನ್ನಡದ ಅಕ್ಷರಗಳಲ್ಲಿ, ಪಂಚಾಯತಿ ಕಚೇರಿಯ ಗೋಡೆಯ ಮೇಲೆ ತೂಗಬೇಕು. ಅಪಾಯದ ಬುಡದಲ್ಲಿರುವ ಮನೆಗಳಿಗೆ ಬದಲಿ ನಿವೇಶನವು ಗುಡ್ಡ ಬಿದ್ದ ಮೇಲಲ್ಲ, ಬೀಳುವ ಮುನ್ನವೇ ದೊರೆಯಬೇಕು.

ಇದರಲ್ಲಿ ನಮ್ಮ ಪಾಲಿನ ಕೆಲಸವೂ ಉಂಟು. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರದಂತಹ ಸಂಸ್ಥೆಗಳು ಮುಂದಿನ ಮಳೆಗಾಲಕ್ಕೆ ಮೊದಲೇ ಒಂದು ಸಭೆ ಕರೆದು, ಈ ನಾಲ್ಕು ವಿಷಯಗಳ ಮೇಲೆ ಠರಾವು ಮಾಡಿ, ಮೂರೂ ಸರಕಾರಗಳಿಗೂ ಕೇಂದ್ರಕ್ಕೂ ಕಳುಹಿಸಲಿ. ಈ ಊರಿನ ಖನಿಜ ನಿಗಮದಲ್ಲಿಯೂ ವಿಜ್ಞಾನ ಸಂಸ್ಥೆಗಳಲ್ಲಿಯೂ ದುಡಿಯುವ ಕನ್ನಡಿಗರು ತಮ್ಮ ತಿಳಿವಳಿಕೆಯನ್ನು ಜನರ ಭಾಷೆಯಲ್ಲಿ ಹೇಳುವ ಉಪಕಾರ ಮಾಡಲಿ; ಅಂತಹ ಬರೆಹಗಳಿಗೆ ನಮ್ಮ ಪತ್ರಿಕೆಯ ಅಂಕಣಗಳು ತೆರೆದಿವೆ. ಹುಂಡಿಯನ್ನು ಇಡುವುದನ್ನು ನಿಲ್ಲಿಸಬೇಡಿ. ಆದರೆ ಇನ್ನು ಮುಂದೆ ಪರಿಹಾರದ ಹಣದ ಜೊತೆಗೆ ಒಂದು ಪತ್ರವೂ ಹೋಗಲಿ: ಈ ಹಣ ನೊಂದವರಿಗಾಗಿ, ಬೆಟ್ಟ ಅಗೆದವರ ಬಾಕಿಗಾಗಿ ಅಲ್ಲ, ಆ ಬಾಕಿಯ ಲೆಕ್ಕವನ್ನು ನಾವು ಕೇಳುತ್ತಲೇ ಇರುತ್ತೇವೆ ಎಂದು.